ಐದನೆಯ ಗಂಟೆ ಹೋದ ದಾರಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಯಾವ ದುಃಖವೂ ಇರಲಿಲ್ಲ. ಹೀಗಂದರೆ ಜನ ನಂಬುವುದಿಲ್ಲ. ಐವತ್ಮೂರು ವರ್ಷದ, ಮದುವೆಯಾಗದ, ಹಲ್ಲಿನ ಡಾಕ್ಟರ ಬಳಿ ರೋಗಿಗಳ ಹೆಸರು ಬರೆದುಕೊಳ್ಳುವ ಹೆಂಗಸು ಎಂದರೆ ಸಾಕು, ಇವಳಿಗೆ ಎಲ್ಲಿ ನೋವು ಎಂದು ತಡಕಾಡಲು ಶುರು ಮಾಡುತ್ತಾರೆ. ನನ್ನ ತಂಗಿ ಪ್ರೂ ಪ್ರತಿ ಕ್ರಿಸ್‌ಮಸ್‌ಗೂ ಸುಖವಾಗಿರುವುದು ಹೇಗೆ ಎಂಬ ಪುಸ್ತಕ ಕೊಡುತ್ತಾಳೆ. ತನ್ನ ಗಂಡ ಹಾಸಿಗೆಯಲ್ಲಿ ಬಿಸ್ಕತ್ತು ತಿನ್ನುತ್ತಾನೆ ಎಂದು ಅಳುವವಳು ನನಗೆ ಸುಖದ ಪಾಠ ಹೇಳುತ್ತಾಳೆ.

ನನ್ನ ತೊಂದರೆಯೇ ಬೇರೆ. ನಾನು ಏನು ಮಾಡುತ್ತಿದ್ದರೂ ತಲೆಯೊಳಗೆ ಇನ್ನೊಬ್ಬಳು ಇನಿಡ್, ನನ್ನದೇ ಹೆಸರಿನವಳು, ಕುರ್ಚಿ ಹಾಕಿಕೊಂಡು ಕೂತು ನನ್ನನ್ನೇ ನೋಡುತ್ತಿರುತ್ತಾಳೆ. ಕೇಕ್ ಬಾಯಿಗಿಟ್ಟರೆ 'ಚೆನ್ನಾಗಿದೆಯಾ?' ಎನ್ನುತ್ತಾಳೆ. ಸಮುದ್ರ ನೋಡಲು ಹೋದರೆ 'ಈಗ ಸಂತೋಷವಾಗಿದ್ದೀಯಾ?' ಎನ್ನುತ್ತಾಳೆ. ಕೇಳಿದ ಕೂಡಲೇ ಇದ್ದಷ್ಟು ಸಂತೋಷವೂ ಹಾರಿಹೋಗುತ್ತದೆ.

ಆರು ವರ್ಷದ ಹಿಂದೆ ಕ್ಲೆಮೆಂಟ್ ಹಾಬ್ಡೇ ನನ್ನ ಕೌಂಟರಿನ ಮುಂದೆ ನಿಂತು, ಹಲ್ಲು ಕೀಳಿಸಿಕೊಂಡ ಬಾಯಲ್ಲಿ ಹತ್ತಿ ಇಟ್ಟುಕೊಂಡೇ, "ನಿನ್ನ ತೋಳು ಗಟ್ಟಿ ಇದೆ, ಎಣಿಸೋಕೂ ಬರುತ್ತೆ. ಗಂಟೆ ಬಾರ್ಸೋಕೆ ಬಾಮ್ಮ, ಜನ ಸಾಲ್ತಿಲ್ಲ" ಎಂದಿದ್ದರು. ಹಾಲಿನ ಲಾರಿ ಓಡಿಸಿ ನಿವೃತ್ತರಾದವರು ಅವರು. ನಮ್ಮ ಪೆಡ್ಲಿಂಗ್‌ಕೋಟ್ ಚರ್ಚಿನ ಗಂಟೆಗೋಪುರಕ್ಕೆ ಅವರೇ ಯಜಮಾನ. ಹೋಗದಿದ್ದರೆ ಮತ್ತೆ ಬಂದು ಕೇಳುತ್ತಾರೆ ಎಂಬ ಭಯಕ್ಕೆ ಹೋದೆ.

ಗೋಪುರದಲ್ಲಿ ಎಂಟು ಗಂಟೆ, ಎಂಟು ಹಗ್ಗ, ಹಗ್ಗಕ್ಕೊಬ್ಬರು. ನಾವು ಗಂಟೆಯಲ್ಲಿ ಹಾಡು ನುಡಿಸುವುದಿಲ್ಲ. ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಬಾರಿಸುತ್ತೇವೆ. ಆಮೇಲೆ ಪ್ರತಿ ಸಾಲಿನಲ್ಲೂ ಅಕ್ಕಪಕ್ಕದ ಗಂಟೆಗಳು ಒಂದನ್ನೊಂದು ಹಾದು ಜಾಗ ಬದಲಾಯಿಸುತ್ತ ಹೋಗುತ್ತವೆ. ಎಂಟನೆಯ ದೊಡ್ಡ ಗಂಟೆ ಮಾತ್ರ ಜಾಗ ಬಿಡದೆ ಪ್ರತಿ ಸಾಲಿನ ಕೊನೆಗೆ ಪೂರ್ಣವಿರಾಮ ಹಾಕುತ್ತದೆ. ಉಳಿದ ಏಳನ್ನು ಐದು ಸಾವಿರದ ನಲವತ್ತು ಬಗೆಯಲ್ಲಿ ಜೋಡಿಸಬಹುದು. ಒಂದನ್ನೂ ಬಿಡದೆ, ಒಂದನ್ನೂ ಎರಡು ಸಲ ಬಾರಿಸದೆ ಮುಗಿಸಿದರೆ ಅದು ಒಂದು ಪೀಲ್. ಸುಮಾರು ಮೂರು ತಾಸು ಹಿಡಿಯುತ್ತದೆ. ಕಾಗದ ನೋಡುವಂತಿಲ್ಲ, ಹಗ್ಗ ಬೇರೆಯವರಿಗೆ ಕೊಡುವಂತಿಲ್ಲ, ಒಂದಕ್ಕೂ ಹೋಗುವಂತಿಲ್ಲ. ಒಬ್ಬರು ಮಾತ್ರ ಬಾರಿಸುತ್ತಲೇ ನಡುನಡುವೆ ಕೂಗಿ ದಾರಿ ತಿರುಗಿಸುತ್ತಾರೆ, ಯಾರಾದರೂ ತಪ್ಪಿದರೆ ಹೆಸರು ಹಿಡಿದು ಕೂಗಿ ಸರಿಪಡಿಸುತ್ತಾರೆ. ಅವರನ್ನು ಕಂಡಕ್ಟರ್ ಎನ್ನುತ್ತೇವೆ. ಟಿಕೆಟ್ ಕೊಡುವ ಕಂಡಕ್ಟರಿಗಿಂತ ಸಿಡುಕು ಸ್ವಲ್ಪ ಹೆಚ್ಚು.

ಕ್ಲೆಮೆಂಟ್ ಬೇರೆಯವರು ನಡೆಸಿದ ಪೀಲ್‌ಗಳಲ್ಲಿ ಎಷ್ಟೋ ಸಲ ಬಾರಿಸಿದ್ದರು. ತಾವೇ ಕಂಡಕ್ಟರ್ ಆಗಿ ಒಂದನ್ನೂ ದಡ ಮುಟ್ಟಿಸಿರಲಿಲ್ಲ. ನಲವತ್ತೊಂದು ವರ್ಷದಲ್ಲಿ ನಾಲ್ಕು ಪ್ರಯತ್ನ. ಒಂದರಲ್ಲಿ ಹಗ್ಗ ಹರಿಯಿತು. ಇನ್ನೊಂದರಲ್ಲಿ ಮದುವೆ ದಿಬ್ಬಣ ಒಂದು ತಾಸು ಮೊದಲೇ ಬಂತು. ಮತ್ತೊಂದರಲ್ಲಿ ಯಾರೋ ಎಚ್ಚರ ತಪ್ಪಿ ಬಿದ್ದರು. ನಾಲ್ಕನೆಯದರ ಬಗ್ಗೆ ಅವರು ಮಾತಾಡುವುದಿಲ್ಲ. ಈಗ ಅವರ ಎಡಭುಜ ಕೆಟ್ಟಿತ್ತು. ಜೂನ್ ಕೊನೆಯಲ್ಲಿ ಆಪರೇಷನ್, ಅದಾದ ಮೇಲೆ ಹಗ್ಗ ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರು. ಹಾಗಾಗಿ ಜೂನ್ ಎರಡನೆಯ ಶನಿವಾರ ಮಧ್ಯಾಹ್ನದ ಪೀಲ್ ಅವರ ಕೊನೆಯ ಅವಕಾಶ. ಇದು ನಮ್ಮೆಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಎರಡು ಗಂಟೆ ಹತ್ತು ನಿಮಿಷಕ್ಕೆ ಶುರು ಮಾಡಿದೆವು. ನನ್ನದು ಐದನೆಯ ಗಂಟೆ. ಎದುರಿಗೆ ಮೂರನೆಯದರಲ್ಲಿ ಡಾಫ್ನಿ, ಕೋಳಿ ಸಾಕುವವಳು. ಏಳನೆಯದರಲ್ಲಿ ಕ್ಲೆಮೆಂಟ್. ದೊಡ್ಡದರಲ್ಲಿ ಐವರ್, ಅವನಿಗೆ ಅಷ್ಟು ದೊಡ್ಡ ಗಂಟೆ ಬಾರಿಸುವುದೂ ಚಹಾ ಕಲಕುವುದೂ ಒಂದೇ. ಮೊದಲ ಅರ್ಧ ತಾಸು ಎಂದಿನಂತೆ ತಲೆಯೊಳಗಿನವಳು ಕುರ್ಚಿ ಹಾಕಿಕೊಂಡು ಕೂತಿದ್ದಳು. 'ಅಂಗೈ ಉರಿಯುತ್ತಿದೆಯಾ? ಇನ್ನೂ ಎರಡೂವರೆ ತಾಸು ಇದೆ. ತಪ್ಪಿದರೆ ಏನು ಗತಿ?' ನಾನು ಹಲ್ಲು ಕಚ್ಚಿಕೊಂಡು ಹಗ್ಗಗಳನ್ನು ನೋಡುತ್ತಿದ್ದೆ. ಯಾರ ಹಗ್ಗದ ಹಿಂದೆ ನನ್ನದು ಇಳಿಯಬೇಕೋ ಅವರನ್ನು ನೋಡಬೇಕು, ಮರುಸಾಲಿನಲ್ಲಿ ಬೇರೆಯವರು, ಅದರ ಮರುಸಾಲಿನಲ್ಲಿ ಇನ್ನೊಬ್ಬರು.

ಆಮೇಲಿನದನ್ನು ಹೇಗೆ ಹೇಳಲಿ? ಹೇಳಲು ಏನೂ ಇಲ್ಲ, ಅದೇ ಕಷ್ಟ. ಕಿಟಕಿಯ ಬಿಸಿಲು ಒಂದು ಹೊತ್ತಿನಲ್ಲಿ ಎಡಗೋಡೆಯ ಮೇಲಿತ್ತು, ಮತ್ತೆ ನೋಡಿದಾಗ ನೆಲದ ಮೇಲೆ, ನನ್ನ ಶೂ ಹತ್ತಿರ ಇತ್ತು. ನಡುವೆ ಒಂದು ತಾಸಿಗೂ ಹೆಚ್ಚು ಕಳೆದಿತ್ತು. ಅಷ್ಟು ಹೊತ್ತು ಯಾರೂ ಏನೂ ಕೇಳಿರಲಿಲ್ಲ. ಕುರ್ಚಿ ಖಾಲಿ ಇತ್ತು. ಕೈ ಇತ್ತು, ಹಗ್ಗ ಇತ್ತು, ಸದ್ದು ಇತ್ತು, ಇನಿಡ್ ಎಂಬವಳು ಎಲ್ಲೂ ಇರಲಿಲ್ಲ.

ಮರಳಿ ಬಂದದ್ದು ಮಾತ್ರ ಚೆನ್ನಾಗಿ ನೆನಪಿದೆ. ಐವರ್‌ನ ದೊಡ್ಡ ಗಂಟೆ ಮೊಳಗಿದ ಮೇಲೆ ಮುಂದಿನ ಸಾಲಿನ ಮೊದಲ ಏಟು ನನ್ನದೆಂದು ಹಗ್ಗ ಎಳೆದೆ. ಅದೇ ಏಟಿಗೆ ಡಾಫ್ನಿಯೂ ಎಳೆದಳು. ಎರಡು ಗಂಟೆ ಒಟ್ಟಿಗೆ ಬಡಿದವು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವಳು ತಲೆಯಾಡಿಸಿದಳು, ನಾನೂ ಆಡಿಸಿದೆ, ಇಬ್ಬರಲ್ಲಿ ಒಬ್ಬಳು ಸರಿದಳು, ಇನ್ನೊಬ್ಬಳು ಹೊಕ್ಕಳು. ಮರುಸಾಲಿಗೆಲ್ಲ ಸರಿಹೋಯಿತು. ಕ್ಲೆಮೆಂಟ್ ಏನೂ ಅನ್ನಲಿಲ್ಲ. ಐದು ಗಂಟೆಗೆ ಏಳು ನಿಮಿಷ ಇರುವಾಗ ಗಂಟೆಗಳೆಲ್ಲ ಸಣ್ಣದರಿಂದ ದೊಡ್ಡದಕ್ಕೆ ಮೊದಲಿನ ಸಾಲಿಗೇ ಬಂದು ನಿಂತವು. "ಅಷ್ಟೇ" ಎಂದರು ಕ್ಲೆಮೆಂಟ್. ಪೀಲ್ ಮುಗಿದಾಗ ಕಂಡಕ್ಟರ್ ಹೇಳುವ ಮಾತು ಅದು. ನಲವತ್ತೊಂದು ವರ್ಷ ಕಾದು ಹೇಳಿದ ಮಾತನ್ನು ಅಂಗಡಿಯಲ್ಲಿ ಮೊಟ್ಟೆ ಕೊಂಡವರ ಹಾಗೆ ಹೇಳಿ, ಬೆಂಚಿನ ಮೇಲೆ ಕೂತು ಕನ್ನಡಕ ಒರೆಸಿದರು.

ಐವರ್ ಬಂದು ಕ್ಲೆಮೆಂಟರ ಸರಿಯಿರುವ ಭುಜಕ್ಕೆ ಗುದ್ದಿದ. ಎಲ್ಲರೂ ಪಬ್ಬಿಗೆ ಹೋದೆವು. ನಾನು ಅಷ್ಟು ಹಗುರವಾಗಿ ಎಂದೂ ನಡೆದಿರಲಿಲ್ಲ. ಪಬ್ಬಿನ ಬಾಗಿಲು ತಳ್ಳುವಾಗ ಹೊಳೆಯಿತು: ಒಟ್ಟಿಗೆ ಬಡಿದದ್ದು ಸರಿ, ಅದಕ್ಕೆ ಮೊದಲು ಏನಾಗಿತ್ತು?

ಇದನ್ನು ಬಿಡಿಸಿ ಹೇಳಬೇಕು. ಒಂದು ಏಟು ತಪ್ಪಿ ತಕ್ಷಣ ತಿದ್ದಿಕೊಂಡರೆ ಪೀಲ್‌ಗೆ ಕುಂದಿಲ್ಲ. ಆದರೆ ಇಬ್ಬರು ಹಾದುಹೋಗುವಾಗ ಹಾಯದೆ, ನನ್ನ ದಾರಿ ಅವಳು, ಅವಳ ದಾರಿ ನಾನು ಹಿಡಿದುಬಿಟ್ಟರೆ, ಕೇಳುವವರಿಗೆ ಏನೂ ತಿಳಿಯುವುದಿಲ್ಲ. ಸದ್ದು ಮೊದಲಿನಷ್ಟೇ ಚೆಂದ. ಆದರೆ ಆ ಹೊತ್ತಿನಲ್ಲಿ ಬಂದ ಸಾಲುಗಳು ಬೇರೆಲ್ಲೋ ಮತ್ತೆ ಬರುತ್ತವೆ, ಬರಬೇಕಾದವು ಬರುವುದೇ ಇಲ್ಲ. ಆಗ ಪೀಲ್ ಸುಳ್ಳು. ನಮ್ಮಲ್ಲಿ ಇದನ್ನು ಯಾರೂ ಬಂದು ಪರೀಕ್ಷಿಸುವುದಿಲ್ಲ. ಗೋಪುರದ ಗೋಡೆಗೆ ಹಾಕುವ ಪೀಲ್ ಹಲಗೆಯ ಮೇಲೆ ಹೆಸರು ಬರೆಸಲು ಬಾರಿಸಿದವರ ಮಾತೇ ಸಾಕ್ಷಿ. ನಾವು ಆಗಷ್ಟೇ ತಪ್ಪಿದೆವೋ, ಅಥವಾ ಬಹಳ ಹೊತ್ತಿನಿಂದ ಅದಲುಬದಲಾಗಿದ್ದು ಆಗ ಸರಿಹೋದೆವೋ? ಮೊದಲನೆಯದಾದರೆ ಕ್ಲೆಮೆಂಟರ ಪೀಲ್ ನಿಜ. ಎರಡನೆಯದಾದರೆ ಅವರ ಕೈಯಲ್ಲಿ ಏನೂ ಇಲ್ಲ, ಮತ್ತೆ ಬಾರಿಸಲು ಭುಜವೂ ಇಲ್ಲ.

ಡಾಫ್ನಿಯನ್ನು ಪಬ್ಬಿನ ಹಿಂದಿನ ಅಂಗಳಕ್ಕೆ ಎಳೆದುಕೊಂಡು ಹೋದೆ. ಅವಳು ಉಪ್ಪಿನಕಾಯಿ ಈರುಳ್ಳಿಯ ತಟ್ಟೆ ಸಮೇತ ಬಂದಳು.

"ಅಲ್ಲಿ ಏನಾಯ್ತೆ?" ಎಂದೆ.

"ಎಲ್ಲಿ?"

"ಗೊತ್ತಿಲ್ದೆ ಇರೋ ಥರ ಆಡ್ಬೇಡ. ಇಬ್ರೂ ಒಟ್ಟಿಗೆ ಬಡಿದ್ವಲ್ಲ, ಅಲ್ಲಿ."

"ಓ, ಅದಾ. ನೀನು ತಪ್ದೆ, ನಾನು ತಲೆ ಆಡಿಸ್ದೆ, ನೀನು ಸರಿಹೋದೆ."

"ನಾನು ತಪ್ಪಿದ್ನಾ? ನೀನು ತಪ್ಪಾಯ್ತು ಅಂತ ತಲೆ ಆಡಿಸ್ದೆ ಅಂದ್ಕೊಂಡೆ ನಾನು."

"ನಾನ್ಯಾಕೆ ತಪ್ಪಾಯ್ತು ಅನ್ಲಿ?"

"ಸರಿ ಹಾಗಾದ್ರೆ. ಅದಕ್ಕೆ ಹಿಂದಿನ ಸಾಲಲ್ಲಿ ನೀನು ಯಾರ ಹಿಂದೆ ಇದ್ದೆ?"

ಬಾಯಿಗೆ ಹೋಗುತ್ತಿದ್ದ ಈರುಳ್ಳಿ ನಡುದಾರಿಯಲ್ಲಿ ನಿಂತಿತು. ಅವಳು ಗೋಡೆ ನೋಡಿದಳು, ನೆಲ ನೋಡಿದಳು.

"ಗೊತ್ತಿಲ್ಲ ಕಣೆ," ಎಂದಳು. "ನಾನು ಅಲ್ಲಿ ಇರ್ಲೇ ಇಲ್ಲ."

"ನಾನೂ ಇರ್ಲಿಲ್ಲ."

"ಮತ್ತೆ ಬಾರಿಸ್ತಿದ್ದೋರು ಯಾರು?"

ಇಬ್ಬರಿಗೂ ನಗು ಬಂತು. ನಕ್ಕು ನಕ್ಕು ತಟ್ಟೆ ಓರೆಯಾಯಿತು. ಆಮೇಲೆ ಒಳಗಿನಿಂದ ಐವರ್, "ಕ್ಲೆಮೆಂಟ್ ಹಾಬ್ಡೇ!" ಎಂದು ಲೋಟ ಎತ್ತಿದ್ದು ಕೇಳಿಸಿತು. ನಗು ನಿಂತಿತು.

"ನೋಡು ಇನಿಡ್," ಎಂದಳು ಡಾಫ್ನಿ, ಮೆಲ್ಲಗೆ. "ಗೊತ್ತಿದ್ದು ಮುಚ್ಚಿಟ್ರೆ ಸುಳ್ಳು. ಗೊತ್ತೇ ಇಲ್ದಿದ್ದನ್ನ ಹೇಗೆ ಮುಚ್ಚಿಡ್ತೀಯ? ಸುಮ್ನಿರು. ಆ ಮನುಷ್ಯನ ಮುಖ ನೋಡ್ದೆ ತಾನೆ?"

ನೋಡಿದ್ದೆ. ಅದೇ ನನ್ನನ್ನು ತಿನ್ನುತ್ತಿದ್ದುದು.

ಭಾನುವಾರ ಪಾದ್ರಿಗಳು ಪ್ರಾರ್ಥನೆಯ ಕೊನೆಯಲ್ಲಿ ನಿನ್ನೆಯ ಪೀಲ್‌ಗೆ ಅಭಿನಂದನೆ ಹೇಳಿದರು. ಎಲ್ಲರೂ ಹಿಂತಿರುಗಿ ನಮ್ಮತ್ತ ನೋಡಿದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಟೋಪಿ ಸರಿಮಾಡಿಕೊಂಡೆ. ಸೋಮವಾರ ಕೆಲಸದಲ್ಲಿ ಖಾಲಿ ಹಾಳೆಯ ಮೇಲೆ ಒಂದರಿಂದ ಏಳರವರೆಗೆ ಅಂಕಿ ಬರೆದು, ನನ್ನ ದಾರಿಗೆ ಕೆಂಪು ಗೆರೆ, ಡಾಫ್ನಿಯ ದಾರಿಗೆ ನೀಲಿ ಗೆರೆ ಎಳೆಯುತ್ತ ಹೋದೆ. ಒಂದು ರೀತಿಯಲ್ಲಿ ಬಿಡಿಸಿದರೆ ನಾವು ತಪ್ಪಿದ್ದು ಎರಡೇ ಸಾಲು. ಇನ್ನೊಂದು ರೀತಿಯಲ್ಲಿ ಬಿಡಿಸಿದರೆ ಅರ್ಧ ತಾಸು. ಎರಡೂ ಸರಿಯಾಗಿಯೇ ಕಾಣುತ್ತಿದ್ದವು. ಯಾರೋ ಹೆಂಗಸು ದವಡೆ ಹಿಡಿದುಕೊಂಡು ಬಂದು ನಿಂತರೆ, "ಮೂರನೆಯದೋ ಐದನೆಯದೋ?" ಎಂದು ಕೇಳಿದೆ. ಪಾಪ, ಅವರು ತಮ್ಮ ಹಲ್ಲು ಎಣಿಸಿಕೊಂಡರು.

ಅತ್ತ ದರಿ, ಇತ್ತ ಪುಲಿ. ಹೇಳಿದರೆ ನನಗೆ ಗೊತ್ತೇ ಇಲ್ಲದ ಒಂದು ತಪ್ಪಿಗಾಗಿ ಮುದುಕನ ಕೈಯಿಂದ ಅವರ ಒಂದೇ ಪೀಲ್ ಕಿತ್ತುಕೊಂಡಂತೆ. ಹೇಳದಿದ್ದರೆ ಸುಳ್ಳು ಹಲಗೆಯ ಕೆಳಗೆ ಪ್ರತಿ ವಾರ ನಿಂತು ಹಗ್ಗ ಎಳೆಯಬೇಕು. ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಒಳಗೆ ಇನ್ನೊಂದು ಕೊರೆತವಿತ್ತು, ಅದು ಸ್ವಾರ್ಥದ್ದು, ಒಪ್ಪಿಕೊಳ್ಳುತ್ತೇನೆ. ಬದುಕಿನಲ್ಲಿ ಒಂದೇ ಒಂದು ಸಲ ನಾನು ನನ್ನನ್ನು ಮರೆತು ಒಂದು ಕೆಲಸ ಮಾಡಿದ್ದೆ. ಅಷ್ಟು ಸುಖ ಎಂದೂ ಪಟ್ಟಿರಲಿಲ್ಲ. ಅದು ನಿಜವಾದ ಬಾರಿಸುವಿಕೆಯೋ ಅಥವಾ ದಾರಿ ತಪ್ಪಿ ಅಲೆದದ್ದೋ? ತಪ್ಪಿದ್ದರಿಂದಲೇ ಸುಖವಾಯಿತೋ, ಸುಖವಾದದ್ದರಿಂದ ತಪ್ಪಿದೆನೋ? ಪ್ರೂ ಕೊಟ್ಟ ಪುಸ್ತಕಗಳನ್ನೂ ತೆಗೆದು ನೋಡಿದೆ. ಮನಸ್ಸಿಟ್ಟು ಕೆಲಸ ಮಾಡಿ, ಸುಖ ತಾನಾಗಿ ಬರುತ್ತದೆ ಎಂದು ಬರೆದಿದ್ದರು. ಆಮೇಲೆ ಯಾರ ಬಳಿ ಹೋಗಿ ತಪ್ಪೊಪ್ಪಿಕೊಳ್ಳಬೇಕು ಎಂದು ಬರೆದಿರಲಿಲ್ಲ.

ಬುಧವಾರ ಅರ್ಧ ದಿನ ರಜೆ. ಕ್ಲೆಮೆಂಟರ ತರಕಾರಿ ತೋಟ ರೈಲು ಹಳಿಯ ಪಕ್ಕದಲ್ಲಿದೆ. ಹೋದಾಗ ಅವರು ಒಂದೇ ಕೈಯಲ್ಲಿ ಅವರೆಯಂಥ ದಪ್ಪ ಬೀನ್ಸ್ ಕೀಳುತ್ತಿದ್ದರು. ಇನ್ನೊಂದು ಕೈ ಹೊಟ್ಟೆಗೆ ಆನಿಸಿಕೊಂಡಿತ್ತು. ಪೀಲ್ ಆದ ಮೇಲೆ ಅದು ಮೇಲೇಳುತ್ತಲೇ ಇರಲಿಲ್ಲವಂತೆ.

"ಬಂದ್ಯಾ," ಎಂದರು. "ನೀನು ಬರ್ತೀಯೋ ಡಾಫ್ನಿ ಬರ್ತಾಳೋ ಅಂತ ನೋಡ್ತಿದ್ದೆ. ಬುಟ್ಟಿ ಹಿಡ್ಕೊ."

ಬುಟ್ಟಿ ಹಿಡಿದುಕೊಂಡೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ಕ್ಲೆಮೆಂಟ್, ಶನಿವಾರ ನಾನು... ನನಗೆ ಖಂಡಿತ ಗೊತ್ತಿಲ್ಲ. ಆದ್ರೆ ನಾನೂ ಡಾಫ್ನಿನೂ, ಬಹುಶಃ ಸ್ವಲ್ಪ ಹೊತ್ತು..."

"ಇಪ್ಪತ್ತೆರಡು ನಿಮಿಷ," ಎಂದರು ಅವರು, ಬೀನ್ಸ್ ಬುಟ್ಟಿಗೆ ಹಾಕುತ್ತ.

ಪಕ್ಕದಲ್ಲಿ ಬಕೆಟ್ ಬೋರಲು ಹಾಕಿತ್ತು. ಅದರ ಮೇಲೆ ಕೂತೆ.

"ನಿಮಗೆ ಗೊತ್ತಿತ್ತಾ?"

"ಹಾಳಾಗಿರೋದು ಭುಜ ಕಣಮ್ಮ, ಕಿವಿ ಅಲ್ಲ. ನೀನು ಅವಳನ್ನ ಹಾದು ಹೋಗ್ಬೇಕಿತ್ತು, ಹೋಗ್ಲಿಲ್ಲ. ನಿನ್ನ ದಾರಿ ಅವಳು ಹಿಡಿದ್ಲು, ಅವಳ ದಾರಿ ನೀನು ಹಿಡ್ದೆ. ಆಮೇಲೆ ಅವಳಿಗೆ ಎಚ್ಚರ ಆಯ್ತು, ಒಟ್ಟಿಗೆ ಬಡಿದ್ರಿ, ಸರಿಹೋದ್ರಿ."

"ಆಗ್ಲೇ ಯಾಕೆ ಕೂಗ್ಲಿಲ್ಲ? ಹೆಸ್ರು ಕೂಗಿದ್ರೆ ಎರಡು ಸಾಲಲ್ಲಿ ಸರಿ ಮಾಡ್ಕೋತಿದ್ವಿ."

"ಕೂಗೋಕೆ ಅಂತ್ಲೇ ಬಾಯಿ ತೆಗ್ದೆ." ಅವರು ಒಂದು ಕಾಯಿಯನ್ನು ಉಗುರಿನಿಂದ ಸೀಳಿ ಒಳಗೆ ನೋಡಿದರು. "ನಿನ್ನ ಕಡೆ ತಿರುಗಿ ನೋಡ್ದೆ. ಕೂಗೋಕೆ ಆಗ್ಲಿಲ್ಲ."

"ಯಾಕೆ ಆಗ್ಲಿಲ್ಲ?"

"ಕೂಗಿದ್ರೆ ನೀನು ವಾಪಸ್ ಬಂದ್ಬಿಡ್ತಿದ್ದೆ."

ಬೇಲಿಯಾಚೆ ರೈಲೊಂದು ಹೋಯಿತು. ನನಗೆ ಮೊದಲು ಬಂದದ್ದು ಸಿಟ್ಟು.

"ನಿಮ್ಮನ್ನ ಕೇಳಿದೋರು ಯಾರು?" ಎಂದೆ. "ನಲವತ್ತೊಂದು ವರ್ಷ ಕಾದಿದ್ದನ್ನ ನನಗೋಸ್ಕರ ಬಿಟ್ಕೊಡಿ ಅಂತ ನಾನು ಕೇಳಿದ್ನಾ? ಕೊನೇ ಸಲ ಅಂತ ಗೊತ್ತಿತ್ತಲ್ಲ ನಿಮಗೆ?"

"ಬಿಟ್ಕೊಡೋಣ ಅಂತ ಯಾರು ಅಂದ್ಕೊಂಡಿದ್ರು? ನಾನೇನು ಸಂತನಾ? ಈ ಸಾಲು ಹೋಗ್ಲಿ, ಮುಂದಿನ ಸಾಲಲ್ಲಿ ಕೂಗೋಣ ಅಂದ್ಕೊಂಡೆ. ಅದು ಬಂತು, ಅದರ ಮುಂದಿನದ್ರಲ್ಲಿ ಅಂದ್ಕೊಂಡೆ. ಹಾಗೇ ಇಪ್ಪತ್ತೆರಡು ನಿಮಿಷ ಆಗ್ಹೋಯ್ತು. ಮೊದಲ ಹತ್ತು ಸಾಲಲ್ಲಿ ಕೂಗಿದ್ರೆ ಏನಾದ್ರೂ ಆಗ್ತಿತ್ತೋ ಏನೋ. ಆಮೇಲೆ ಕೂಗಿಯೂ ಪ್ರಯೋಜನ ಇರ್ಲಿಲ್ಲ."

"ನಿಲ್ಲಿಸಿ ಅನ್ಬಹುದಿತ್ತು."

"ಅನ್ಬಹುದಿತ್ತು." ಅವರು ಸೊಂಟ ನೆಟ್ಟಗೆ ಮಾಡಿದರು. "ಪೀಲ್ ಸುಳ್ಳಾದ್ರೆ ಕಂಡಕ್ಟರ್ ನಿಲ್ಲಿಸ್ಬೇಕು, ಅದೇ ನಿಯಮ. ಆದ್ರೆ ಅಷ್ಟು ಚೆನ್ನಾಗಿ ಈ ಗೋಪುರದಲ್ಲಿ ಬಾರ್ಸಿದ್ದನ್ನ ನಾನು ಕೇಳೇ ಇರ್ಲಿಲ್ಲ. ಸುಳ್ಳು ಅಂತ ಗೊತ್ತು, ನಿಲ್ಸೋಕೆ ಮನಸ್ಸಿಲ್ಲ. ನನಗೂ ತಲೆ ಕೆಟ್ಟಿತ್ತು."

"ಈಗ ಏನ್ಮಾಡ್ತೀರಿ?"

"ಗಂಟೆ ಬಾರ್ಸೋರ ಪತ್ರಿಕೆಗೆ ಸುದ್ದಿ ಕಳ್ಸಿಲ್ಲ, ಕಳ್ಸೋದೂ ಇಲ್ಲ. ಶುಕ್ರವಾರ ಅಭ್ಯಾಸಕ್ಕೆ ಬಂದಾಗ ಎಲ್ರಿಗೂ ಹೇಳ್ತೀನಿ, ಕಂಡಕ್ಟರ್ ತಪ್ಪಿನಿಂದ ಹೋಯ್ತು ಅಂತ."

"ತಪ್ಪಿದ್ದು ನಾನು."

"ಕೂಗ್ದೆ ಇದ್ದೋನು ನಾನು. ನೀನು ಮಧ್ಯೆ ಬಾಯಿ ಹಾಕ್ಬೇಡ."

ಅದೇನು ಹಟವೋ, ಉಪಕಾರವೋ, ಅಥವಾ ಮುದುಕರ ಸಿಡುಕೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಹೇಳಲು ಬಂದವಳು ಹೇಳುವ ಮೊದಲೇ ಎಲ್ಲ ಮುಗಿದಿತ್ತು. ನನ್ನ ತಪ್ಪನ್ನೂ ಅವರೇ ಇಟ್ಟುಕೊಂಡಿದ್ದರು. ಅವರ ಪೀಲ್ ಹೋಯಿತೆಂದು ಸಂಕಟವಾಗುತ್ತಿತ್ತು. ನನ್ನ ಅತಿ ಸುಖದ ಹೊತ್ತೇ ಅದನ್ನು ಕೆಡಿಸಿದ್ದು ಎಂದು ನಾಚಿಕೆಯಾಗುತ್ತಿತ್ತು. ಇವೆರಡರ ಅಡಿಯಲ್ಲಿ, ಹೇಳಿದರೆ ಉಗಿಯುತ್ತೀರಿ, ಆ ಹೊತ್ತು ನಿಜವಾಗಿಯೂ ಇತ್ತಲ್ಲ, ಇನ್ನೊಬ್ಬರೂ ನೋಡಿದ್ದಾರಲ್ಲ ಎಂಬ ಖುಷಿ ಇತ್ತು. ಕಳ್ಳತನದ ಮಾಲು ತಿಂದವಳಿಗೆ ರುಚಿ ನೆನಪಾದಂಥ ಖುಷಿ.

ಎದ್ದು ಹೋಗಬೇಕಿತ್ತು. ಹೋಗಲಿಲ್ಲ.

"ಹೇಗಿತ್ತು?" ಎಂದೆ.

"ಏನು?"

"ನನ್ನ ಮುಖ."

ಕ್ಲೆಮೆಂಟ್ ಕೈಯಲ್ಲಿದ್ದ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಇಂಥ ಪ್ರಶ್ನೆಗೆ ಉತ್ತರ ಹೇಳಿ ಅಭ್ಯಾಸವಿದ್ದ ಮನುಷ್ಯನಲ್ಲ ಅವರು.

"ಬಾಯಿ ತೆರೆದಿತ್ತು," ಎಂದರು ಕೊನೆಗೆ. "ನಾಲಿಗೆ ತುದಿ ಸ್ವಲ್ಪ ಹೊರಗಿತ್ತು. ದಡ್ಡಿ ಥರ ಕಾಣ್ತಿದ್ದೆ. ಆರು ವರ್ಷದಿಂದ ನೋಡ್ತಿದ್ದೀನಿ, ಹಗ್ಗ ಹಿಡ್ದಾಗೆಲ್ಲ ಮನೇಲಿ ಒಲೆ ಆರಿಸ್ದೆ ಬಂದೋಳ ಹಾಗೆ ನಿಂತಿರ್ತಿದ್ದೆ. ಆವತ್ತು ನಿನಗೆ ಒಲೆನೂ ಇರ್ಲಿಲ್ಲ, ಮನೆನೂ ಇರ್ಲಿಲ್ಲ."

"ನಗ್ತಿದ್ನಾ?"

"ಇಲ್ಲ. ನಗು-ಗಿಗು ಏನೂ ಇಲ್ಲ. ನೋಡೋರಿಗೋಸ್ಕರ ಏನೂ ಇರ್ಲಿಲ್ಲ ಆ ಮುಖದಲ್ಲಿ."

ನನಗೆ ಅಳು ಬಂತು. ತಡೆಯಲು ಹೋಗಲಿಲ್ಲ. ನನ್ನ ಬದುಕಿನ ಆ ಇಪ್ಪತ್ತೆರಡು ನಿಮಿಷ ನನ್ನ ಬಳಿ ಇಲ್ಲ. ಎಷ್ಟು ಹುಡುಕಿದರೂ ಸಿಗುವುದು ಎಡಗೋಡೆಯ ಬಿಸಿಲು, ಆಮೇಲೆ ನೆಲದ ಬಿಸಿಲು, ಅಷ್ಟೇ. ಇರುವುದು ಈ ಮನುಷ್ಯನ ಬಳಿ. ಇನ್ನು ಹತ್ತು ದಿನಕ್ಕೆ ಅವರು ಆಸ್ಪತ್ರೆಗೆ ಹೋಗುತ್ತಾರೆ. ಥ್ಯಾಂಕ್ಸ್ ಹೇಳಬೇಕೋ ಕ್ಷಮೆ ಕೇಳಬೇಕೋ ತಿಳಿಯದೆ ಮೂಗು ಒರೆಸಿಕೊಂಡೆ.

"ಇನ್ನೊಂದ್ಸಲ ಹೇಳಿ," ಎಂದೆ.

"ಯಾವುದನ್ನ?"

"ಮುಖದ್ದು. ನೀವು ತಿರುಗಿ ನೋಡಿದ್ರಲ್ಲ, ಅಲ್ಲಿಂದ."

ಅವರು ನನ್ನನ್ನು ಒಂದು ಸಲ ನೋಡಿ, ಇನ್ನೊಂದು ಬಕೆಟ್ ಬೋರಲು ಹಾಕಿ ಕೂತು, ಮೊದಲಿನಿಂದ ಹೇಳಿದರು.